ಹಬ್ಬದೂಟದ ಪಟ್ಟಿಯಲ್ಲಿ ಅತ್ತಿಗೆಯ ಹೆಸರು

ರಮಝಾನ್‌ನ ಕೊನೆಯ ಹತ್ತು ದಿನಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಪಟ್ಟಿಗಳು ಸಿದ್ಧವಾಗುತ್ತವೆ. ಒಂದು ಬಟ್ಟೆಯದು, ಇನ್ನೊಂದು ಹಬ್ಬದ ಊಟದ್ದು. ಬಟ್ಟೆಯ ಪಟ್ಟಿಯಲ್ಲಿ ಮನೆಯ ಎಲ್ಲರ ಹೆಸರೂ ಇರುತ್ತದೆ. ಊಟದ ಪಟ್ಟಿಯಲ್ಲಿ ಮಾತ್ರ ಯಾರ ಹೆಸರೂ ಇರುವುದಿಲ್ಲ. ಬಿರಿಯಾನಿ, ಪತ್ತಿರಿ, ಕೋಳಿ ಸಾರು, ಪಾಯಸ ಎಂದು ಅಡುಗೆಗಳ ಹೆಸರಷ್ಟೇ. ಅದನ್ನು ಯಾರು ಮಾಡುತ್ತಾರೆ, ಎಷ್ಟು ಹೊತ್ತಿಗೆ ಏಳುತ್ತಾರೆ, ಮಾಡಿದವರು ಯಾವಾಗ ಉಣ್ಣುತ್ತಾರೆ ಎಂದು ಬರೆಯುವ ರೂಢಿ ನಮ್ಮಲ್ಲಿಲ್ಲ. ನಾವೂ ಬರೆದವರಲ್ಲ.

ನಾವು ಮೂವರು ಅಕ್ಕತಂಗಿಯರು. ಹಿರಿಯವಳು ಉಪ್ಪಿನಂಗಡಿಯಲ್ಲಿ, ನಡುವಿನವಳು ಸುರತ್ಕಲ್‌ನಲ್ಲಿ, ಕಿರಿಯವಳು ಬೆಂಗಳೂರಿನಲ್ಲಿ. ತವರು ಬಂಟ್ವಾಳ ತಾಲೂಕಿನ ಒಂದು ಹಳ್ಳಿ. ಅಲ್ಲಿ ಉಮ್ಮ, ದೊಡ್ಡಣ್ಣ, ಅತ್ತಿಗೆ ಮತ್ತು ಅವರ ಮಕ್ಕಳು. ಹತ್ತು ಹೆಜ್ಜೆ ದೂರದಲ್ಲಿ ಚಿಕ್ಕಣ್ಣನ ಮನೆ. ಪೆರ್ನಾಳಿನ ದಿನ ನಾವು ಗಂಡನ ಮನೆಯಲ್ಲಿರುತ್ತೇವೆ. ಮರುದಿನ ತವರಿಗೆ ಹೋಗುತ್ತೇವೆ. ಹಬ್ಬದ ದಿನವಿಡೀ ಒಲೆಯ ಮುಂದೆ ನಿಂತು ದಣಿದವರಿಗೆ ಆ ಮರುದಿನ ಸ್ವರ್ಗದಂತೆ. ಹಾಸಿದ ಚಾಪೆ, ಹಾಕಿಟ್ಟ ಊಟ, ಉಮ್ಮನ ಜೊತೆ ಮಾತು. ನಮಗೆ ಹಾಸಿದ ಚಾಪೆಯನ್ನು ಹಾಸಿದವರು ಯಾರು, ಅವರೂ ಹಿಂದಿನ ದಿನ ನಮ್ಮಂತೆಯೇ ದಣಿದಿರಲಿಲ್ಲವೇ ಎಂದು ನಾವು ಕೇಳಿಕೊಂಡಿರಲಿಲ್ಲ.

2023ರ ಈದುಲ್ ಫಿತ್ರ್ ಏಪ್ರಿಲ್ 22ರಂದು ಬಂತು. ಮರುದಿನ ಭಾನುವಾರ ತವರಿನಲ್ಲಿ ಚಿಕ್ಕಪ್ಪನ ಮನೆಯವರೂ ಪಕ್ಕದ ಮನೆಯವರೂ ಸೇರಿ 34 ಮಂದಿ. ಅಂದು ಒಂಬತ್ತು ಬಗೆ ಇತ್ತು. ಬಿರಿಯಾನಿ, ಪತ್ತಿರಿ, ನೈಪತ್ತಿರಿ, ಕೋಳಿ ಸಾರು, ಆಡಿನ ಮಾಂಸದ ಸುಕ್ಕ, ಕೋಳಿ ಫ್ರೈ, ಮುಟ್ಟೆಮಾಲೆ, ಪಾಯಸ, ಹಣ್ಣಿನ ಸಲಾಡ್. ನಾವೆಲ್ಲ ಹೊಗಳಿದೆವು. ‘ಅತ್ತಿಗೆಯ ಕೈ ಬೆಣ್ಣೆಯಂಥದ್ದು’ ಎಂದೆವು. ಸಂಜೆ ನಾಲ್ಕೂವರೆಗೆ ಚಹಾ ಇಡೋಣವೆಂದು ನಮ್ಮಲ್ಲಿ ಕಿರಿಯವಳು ಅಡುಗೆಮನೆಗೆ ಹೋದಾಗ ಅತ್ತಿಗೆ ಮಣೆಯ ಮೇಲೆ ಕುಳಿತು ಉಣ್ಣುತ್ತಿದ್ದರು. ಬಟ್ಟಲಲ್ಲಿ ಗಂಜಿ, ಪಕ್ಕದಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ.

“ಬಿರಿಯಾನಿ ಇಲ್ಲವೇ ಅತ್ತಿಗೆ?”

“ಇತ್ತು. ನಿಮ್ಮಣ್ಣನ ಗೆಳೆಯರು ನಾಲ್ವರು ಬಂದರಲ್ಲ, ಬಡಿಸಿದೆ. ನನಗೆ ಬೆಳಗ್ಗಿನಿಂದ ಅದರ ಪರಿಮಳದಲ್ಲೇ ಹೊಟ್ಟೆ ತುಂಬಿದೆ, ಬಿಡು.”

ಅವರು ನಗುತ್ತಲೇ ಹೇಳಿದರು. ಮೈಮೇಲೆ ಇನ್ನೂ ಹಳೆಯ ಸೀರೆ. ಹಬ್ಬಕ್ಕೆ ತಂದ ಹೊಸ ಸೀರೆ ಮಡಿಕೆ ಬಿಚ್ಚಿರಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದ ಅವರ ಮಗಳು ನಮ್ಮ ಪಕ್ಕ ಕುಳಿತಿದ್ದಳು. ಯಾವ ಹಬ್ಬ ನಿನಗೆ ಇಷ್ಟ, ಇದೋ ಬಕ್ರೀದೋ ಎಂದು ಸುಮ್ಮನೆ ಕೇಳಿದೆವು. “ಎರಡೂ ಇಷ್ಟವಿಲ್ಲ. ಹಬ್ಬದ ದಿನ ಉಮ್ಮ ಸಿಗುವುದೇ ಇಲ್ಲ” ಎಂದಳು.

ಆ ರಾತ್ರಿ ನಮಗೆ ಬೇಗ ನಿದ್ದೆ ಬರಲಿಲ್ಲ. ಗಂಡನ ಮನೆಯಲ್ಲಿ ನಾವೂ ಅತ್ತಿಗೆಯರೇ. ನಾದಿನಿಯರು ಬಂದು ಹೊಗಳಿ, ಉಂಡು, ಕೈತೊಳೆದು ಹೋದಾಗ ನಮ್ಮ ಮನಸ್ಸಿನಲ್ಲಿ ಏನೇನು ಸುಳಿಯುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತು. ಅದೇ ನಾವು ತವರಿನ ಹೊಸ್ತಿಲು ದಾಟಿದೊಡನೆ ಎಲ್ಲ ಮರೆತು ನಾದಿನಿಯರಾಗಿಬಿಡುತ್ತೇವೆ.

ಪ್ರವಾದಿವರ್ಯರ(ಸ) ಒಂದು ವಚನ ಸಹೀಹ್ ಬುಖಾರಿಯಲ್ಲಿದೆ. ಸೇವಕನು ನಿಮಗೆ ಊಟ ತಂದಿಟ್ಟಾಗ ಅವನನ್ನೂ ನಿಮ್ಮ ಜೊತೆ ಕೂರಿಸಿಕೊಳ್ಳಿ, ಅದಾಗದಿದ್ದರೆ ಒಂದೆರಡು ತುತ್ತನ್ನಾದರೂ ಕೊಡಿ, ಏಕೆಂದರೆ ಅದರ ಬೆಂಕಿಯ ಬಿಸಿಯನ್ನು ಸಹಿಸಿದವನು ಅವನು ಎಂಬುದು ಅದರ ಸಾರ. ಸೇವಕನಿಗೇ ಇಷ್ಟು ಹಕ್ಕಿದ್ದರೆ ಮನೆಯ ಸೊಸೆಗೆ ಎಷ್ಟಿರಬೇಕು? ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ ಹಝ್ರತ್ ಆಯಿಶಾ(ರ) ಹೇಳಿದ್ದು, ಮನೆಯವರ ಕೆಲಸಕ್ಕೆ ನೆರವಾಗುತ್ತಿದ್ದರು, ನಮಾಝ್‌ನ ಹೊತ್ತಾದಾಗ ಹೊರಡುತ್ತಿದ್ದರು ಎಂದೇ. ಈ ಹದೀಸ್‌ಗಳನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಹಬ್ಬದ ದಿನದ ಅಡುಗೆಮನೆಗೆ ಅವನ್ನು ಒಯ್ದಿರಲಿಲ್ಲ.

ಮುಂದಿನ ವರ್ಷ ರಮಝಾನ್‌ನ ನಡುವಿನಲ್ಲೇ ಫೋನ್‌ನಲ್ಲಿ ಮಾತಾಡಿಕೊಂಡು ಹೊಸ ಪಟ್ಟಿ ಮಾಡಿದೆವು. ಮೊದಲು ಕಷ್ಟದ ಅಡುಗೆಗಳನ್ನು ಹೊಡೆದು ಹಾಕಿದೆವು. ಮುಟ್ಟೆಮಾಲೆ ಬೇಡ. ಮೊಟ್ಟೆಯ ಹಳದಿಯನ್ನು ಸಣ್ಣ ತೂತಿನಿಂದ ಕುದಿಯುವ ಸಕ್ಕರೆ ಪಾಕಕ್ಕೆ ನೂಲಿನಂತೆ ಸುತ್ತ ಬಿಟ್ಟು, ಬೆಂದ ಎಳೆಗಳನ್ನು ಎತ್ತಿ, ಉಳಿದ ಬಿಳಿಯನ್ನು ಬೇರೆಯೇ ಹಬೆಯಲ್ಲಿ ಬೇಯಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ನೈಪತ್ತಿರಿ ಬೇಡ. ನೆನೆಸಿದ ಕುಚ್ಚಲಕ್ಕಿಯನ್ನು ತೆಂಗಿನಕಾಯಿ, ಈರುಳ್ಳಿ, ಜೀರಿಗೆ ಹಾಕಿ ಗಟ್ಟಿಯಾಗಿ ರುಬ್ಬಿ, ತಟ್ಟಿ, ಬಿಸಿಬಿಸಿ ಕರಿಯುತ್ತಾ ನಿಲ್ಲಬೇಕು. ಕೊನೆಗೆ ಬಿರಿಯಾನಿಯನ್ನೂ ಹೊಡೆದು, ಅದನ್ನು ಹೋಟೆಲಿನಿಂದ ತರಿಸೋಣ ಎಂದು ಬರೆದು, ದೊಡ್ಡ ಉಪಕಾರ ಮಾಡಿದವರಂತೆ ಅತ್ತಿಗೆಗೆ ಓದಿ ಹೇಳಿದೆವು.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಾಗಾದರೆ ನಾನು ಏನು ಮಾಡಲಿ? ಬಂದವರಿಗೆ ನೀರು ಕೊಡಲೇ?” ಎಂದರು.

ನಮಗೆ ಕಪಾಳಕ್ಕೆ ಹೊಡೆದಂತಾಯಿತು. ಮದುವೆಯಾಗಿ 18 ವರ್ಷದಲ್ಲಿ ಈ ಮನೆಯವರು ಅತ್ತಿಗೆಯನ್ನು ಗುರುತಿಸಿದ್ದು ಅವರ ಬಿರಿಯಾನಿಯಿಂದ. ಅವರಿಗೆ ಸಿಕ್ಕಿದ ಗೌರವವೆಲ್ಲ ಆ ಪಾತ್ರೆಯೊಳಗಿತ್ತು. ಭಾರ ಇಳಿಸುತ್ತೇವೆಂದು ಹೋದವರು ಅದನ್ನೂ ಕಿತ್ತುಕೊಳ್ಳಹೊರಟಿದ್ದೆವು. ಅವರಿಗೆ ಏನು ಬೇಕೆಂದು ಹಿಂದೆಯೂ ಕೇಳಿರಲಿಲ್ಲ, ಅಂದೂ ಕೇಳಿರಲಿಲ್ಲ.

ಕ್ಷಮೆ ಕೇಳಿ, “ಪಟ್ಟಿ ನೀವೇ ಬರೆಯಿರಿ ಅತ್ತಿಗೆ, ಅದರಂತೆ ನಾವು ನಡೆಯುತ್ತೇವೆ” ಎಂದೆವು. ಎರಡು ದಿನ ಬಿಟ್ಟು ಅವರ ಪಟ್ಟಿ ಬಂತು. ಬಿರಿಯಾನಿ ಅವರದೇ. ಒಂಬತ್ತು ಬಗೆಯಲ್ಲಿ ಉಳಿದದ್ದು ಎರಡು, ಹೊಸದಾಗಿ ಸೇರಿದ್ದು ಮೂರು. ಪ್ರತಿಯೊಂದರ ಎದುರು ಒಂದು ಹೆಸರಿತ್ತು. ಈರುಳ್ಳಿ ಹೆಚ್ಚುವುದು ಇಬ್ಬರು ಅಣ್ಣಂದಿರು. ಪತ್ತಿರಿ ಹಿರಿಯವಳು. ತರಕಾರಿ ಕೂರ್ಮಾ, ಮೊಸರು ಸಲಾಡ್ ನಡುವಿನವಳು. ಪಾಯಸದ ಬದಲು ಶೀರ್ ಖುರ್ಮಾ, ಅದು ಬೆಂಗಳೂರಿನವಳು. ಪಾತ್ರೆ ತೊಳೆಯುವುದು ಅಳಿಯಂದಿರು ಎಂದು ಬರೆದು ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದರು.

ದಿನವನ್ನೂ ಅವರೇ ಬದಲಿಸಿದರು. 2024ರಲ್ಲಿ ನಮ್ಮ ಕರಾವಳಿಯಲ್ಲಿ ಏಪ್ರಿಲ್ 10ಕ್ಕೆ ಹಬ್ಬವಾದರೆ ಬೆಂಗಳೂರಿನಲ್ಲಿ 11ಕ್ಕೆ. ಚಂದ್ರದರ್ಶನದ ಸುದ್ದಿ ಬರುವವರೆಗೆ ನಾಳೆ ಹಬ್ಬವೋ ಉಪವಾಸವೋ ಎಂದು ತಿಳಿಯದೆ, ತಿಳಿದ ಮೇಲೆ ರಾತ್ರಿ ಮಾಂಸದಂಗಡಿಯ ಮುಂದೆ ಸಾಲು ನಿಲ್ಲುವುದು ಪ್ರತಿವರ್ಷದ ಪಾಡು. “ಎಲ್ಲರೂ ಸೇರುವುದು ಭಾನುವಾರ 14ಕ್ಕೆ ಇರಲಿ, ನಡುವೆ ನನಗೂ ಬೆನ್ನು ನೆಟ್ಟಗೆ ಮಾಡಲು ಸಮಯ ಸಿಗಲಿ” ಎಂದರು ಅತ್ತಿಗೆ. ನಾವು ಮೂವರೂ ಒಳಗೊಳಗೇ ಅವರಿಗೆ ಕೈಮುಗಿದೆವು. ಆ ಮೂರು ದಿನ ನಮಗೂ ಬೇಕಿತ್ತು.

ಉಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. “ಮುಟ್ಟೆಮಾಲೆಯಿಲ್ಲದೆ, ಐದೇ ಬಗೆ ಇಟ್ಟರೆ ಬಂದವರು ಏನೆಂದಾರು?” ಎಂದು ಗೊಣಗಿದರು. ಇಬ್ಬರ ಊಟ ಮೂವರಿಗೆ ಸಾಕು ಎಂಬ ಹದೀಸನ್ನು ನೆನಪಿಸಿದೆವು. “ಅದು ಬರಗಾಲಕ್ಕೆ ಹೇಳಿದ್ದು” ಎಂದು ಉಮ್ಮ ಮುಖ ತಿರುಗಿಸಿದರು.

ಓದುವ ಸಹೋದರಿಯರಿಗೆ ಉಪಯೋಗವಾಗಲೆಂದು ಅತ್ತಿಗೆಯ ಲೆಕ್ಕವನ್ನು ಇಲ್ಲಿ ಕೊಡುತ್ತಿದ್ದೇವೆ. ಇಬ್ಬರು ಮಕ್ಕಳನ್ನು ಒಬ್ಬ ದೊಡ್ಡವರೆಂದು ಎಣಿಸಿದರೆ 22 ಮಂದಿ ದೊಡ್ಡವರು, 12 ಮಕ್ಕಳು ಸೇರಿ 28 ಊಟ. ಅದಕ್ಕೆ ಕಯಮ ಅಕ್ಕಿ 3 ಕಿಲೋ, ಕೋಳಿ ನಾಲ್ಕೂವರೆ ಕಿಲೋ, ಈರುಳ್ಳಿ 3 ಕಿಲೋ, ಟೊಮೆಟೊ 1 ಕಿಲೋ, ಶುಂಠಿ ಮತ್ತು ಬೆಳ್ಳುಳ್ಳಿ 200 ಗ್ರಾಂನಂತೆ, ಹಸಿಮೆಣಸು 150 ಗ್ರಾಂ, ಮೊಸರು ಮುಕ್ಕಾಲು ಲೀಟರ್, ತುಪ್ಪ 400 ಗ್ರಾಂ. ಬೇಕಾದಷ್ಟು ಎಣ್ಣೆ, ಪುದಿನಾ, ಕೊತ್ತಂಬರಿ ಸೊಪ್ಪು.

ಕೆಲಸವನ್ನು ಎರಡು ದಿನಕ್ಕೆ ಒಡೆಯುವುದೇ ಗುಟ್ಟು. ಹಿಂದಿನ ಸಂಜೆ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಕಾಲು ಭಾಗವನ್ನು ಮೇಲೆ ಉದುರಿಸಲು ಕೆಂಪಗೆ ಕರಿದಿಡಬೇಕು. ಉಳಿದದ್ದನ್ನು ಚೆನ್ನಾಗಿ ಬಾಡಿಸಿ, ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಹಾಕಿ, ಹಸಿ ವಾಸನೆ ಹೋದ ಮೇಲೆ ಟೊಮೆಟೊ, ಅರಸಿನ, ಉಪ್ಪು ಸೇರಿಸಿ ಎಣ್ಣೆ ಬಿಡುವ ತನಕ ಬೇಯಿಸಿ, ಆರಿಸಿ ಫ್ರಿಜ್ಜಿನಲ್ಲಿಡುವುದು. ಮರುದಿನ ಬೆಳಿಗ್ಗೆ ಮಸಾಲೆ ಬಿಸಿಮಾಡಿ ಮೊಸರು, ಸೊಪ್ಪು, ಗರಂ ಮಸಾಲೆ, ಕೋಳಿ ಹಾಕಿ ಬೇಯಿಸುವುದು. ಇನ್ನೊಂದು ಪಾತ್ರೆಯಲ್ಲಿ ಚಕ್ಕೆ, ಲವಂಗ, ಏಲಕ್ಕಿಯ ಜೊತೆ ತುಪ್ಪ ಕಾಯಿಸಿ, ಅರ್ಧ ಗಂಟೆ ನೆನೆದು ಬಸಿದ ಅಕ್ಕಿಯನ್ನು ಹುರಿದು, ಅಳತೆಗೆ ಒಂದಕ್ಕೆ ಒಂದೂವರೆಯಂತೆ ಕುದಿಯುವ ನೀರು, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ತುಪ್ಪದ ಅನ್ನ ಮಾಡುವುದು. ಕೋಳಿ ಮಸಾಲೆಯ ಮೇಲೆ ಈ ಅನ್ನ ಹರಡಿ, ಕರಿದ ಈರುಳ್ಳಿ, ಗೋಡಂಬಿ, ದ್ರಾಕ್ಷಿ ಉದುರಿಸಿ, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ ಅರ್ಧ ಗಂಟೆ ದಮ್ ಇಡುವುದು.

ಇಲ್ಲಿ ಅತ್ತಿಗೆಯ ಒಂದು ಜಾಣತನವಿದೆ. ನಮ್ಮ ಕಡೆಯ ಬಿರಿಯಾನಿಯಲ್ಲಿ ಅನ್ನ ಬೇರೆ, ಮಸಾಲೆ ಬೇರೆ ಬೇಯುವುದರಿಂದ, ಎರಡನ್ನೂ ಸೇರಿಸುವ ಮೊದಲೇ ಒಂದಿಷ್ಟು ತುಪ್ಪದ ಅನ್ನವನ್ನು ಬೇರೆ ಪಾತ್ರೆಗೆ ತೆಗೆದಿಡಬಹುದು. ಪಕ್ಕದ ಮನೆಯವರು ಸಸ್ಯಾಹಾರಿಗಳು. ಚೌತಿಗೆ ಅವರ ಮನೆಯಿಂದ ಪಂಚಕಜ್ಜಾಯ ತಪ್ಪದೆ ಬರುತ್ತದೆ. ನಮ್ಮ ಹಬ್ಬಕ್ಕೆ ಅವರು ಬಂದರೆ ಇಷ್ಟು ವರ್ಷ ಬಾಳೆಹಣ್ಣು, ಶರಬತ್ತು ಕುಡಿದು ಹೋಗುತ್ತಿದ್ದರು. ಈ ಸಲ ಪ್ರತ್ಯೇಕ ಪಾತ್ರೆ, ಪ್ರತ್ಯೇಕ ಸೌಟಿನಲ್ಲಿ ತುಪ್ಪದ ಅನ್ನ, ತರಕಾರಿ ಕೂರ್ಮಾ ಇತ್ತು. ಅದಕ್ಕೆ ಬೇರೆ ಒಲೆಯೂ ಬೇಕಾಗಲಿಲ್ಲ, ಬೇರೆ ಹೊತ್ತೂ ಬೇಕಾಗಲಿಲ್ಲ. ಪತ್ತಿರಿ ಉಳಿದದ್ದು ಉಮ್ಮನಿಗಾಗಿ. ಹಲ್ಲಿಲ್ಲದ ಬಾಯಿಗೆ ತೆಂಗಿನ ಹಾಲಿನಲ್ಲಿ ನೆನೆಸಿದ ತೆಳು ಪತ್ತಿರಿಯೇ ಊಟ. ಇಷ್ಟು ವರ್ಷ ನಾವು ಅಡುಗೆಯ ಹೆಸರು ಬರೆದು ಅದಕ್ಕೆ ಜನರನ್ನು ಹೊಂದಿಸುತ್ತಿದ್ದೆವು. ಅತ್ತಿಗೆ ಜನರನ್ನು ಎಣಿಸಿ ಅಡುಗೆ ಬರೆದಿದ್ದರು.

ಶನಿವಾರ ಸಂಜೆ ಅಣ್ಣಂದಿರಿಬ್ಬರೂ ಮೂರು ಕಿಲೋ ಈರುಳ್ಳಿಯ ಮುಂದೆ ಕುಳಿತರು. ದೊಡ್ಣಣ್ಣ ಮೊದಲು, “ನಮಗೆ ಇದೆಲ್ಲ ಬರುವುದಿಲ್ಲ” ಎಂದ. ನಮ್ಮೂರಿನ ಮದುವೆಗಳಲ್ಲಿ ಸಾವಿರ ಜನರಿಗೆ ಬಿರಿಯಾನಿ ಬೇಯಿಸುವವರು ಯಾರು, ಹೆಂಗಸರೇ ಎಂದು ನಾವು ಕೇಳಿದೆವು. ಅವನಲ್ಲಿ ಉತ್ತರವಿರಲಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತಾ ಹೆಚ್ಚಿದ. ಚೂರುಗಳು ದಪ್ಪಗಾದವು. ಅತ್ತಿಗೆ ಒಂದು ಮಾತೂ ಆಡದೆ ದಪ್ಪನೆಯವನ್ನು ಆರಿಸಿ ಮಸಾಲೆಗೆ, ತೆಳ್ಳನೆಯವನ್ನು ಕರಿಯಲು ಬೇರೆ ಮಾಡಿದರು.

ಭಾನುವಾರ ಮಧ್ಯಾಹ್ನ ಲುಹ್ರ್ ನಮಾಝ್ ಮುಗಿದ ಮೇಲೆ ಊಟ. ಪಟ್ಟಿಯ ಕೊನೆಯ ಸಾಲನ್ನು ನಾವು ಸೇರಿಸಿದ್ದೆವು: ‘ಮೊದಲ ಪಂಕ್ತಿಯಲ್ಲಿ ಅತ್ತಿಗೆ.’ ಹೊಸ ಸೀರೆಯುಟ್ಟು ಉಮ್ಮನ ಪಕ್ಕದಲ್ಲಿ ಕುಳಿತ ಅವರಿಗೆ ಕೈಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎರಡು ಸಲ ಎದ್ದು ಅಡುಗೆಮನೆಯತ್ತ ಹೊರಟರು. ಎರಡು ಸಲವೂ ಮಗಳು ಸೆರಗು ಹಿಡಿದು ಕೂರಿಸಿದಳು. ಬಿಸಿ ಬಿರಿಯಾನಿಯ ಮೊದಲ ತುತ್ತು ಬಾಯಿಗಿಟ್ಟು ಅತ್ತಿಗೆ ಹೇಳಿದ್ದು ಒಂದೇ ಮಾತು: “ಉಪ್ಪು ಸ್ವಲ್ಪ ಕಡಿಮೆಯಾಗಿದೆಯಲ್ಲ, ಇಷ್ಟು ವರ್ಷ ಯಾರೂ ಹೇಳಲಿಲ್ಲ.”

ಎಲ್ಲರೂ ನಕ್ಕರು. ಆದರೆ 18 ವರ್ಷ ಅವರು ತಮ್ಮ ಬಿರಿಯಾನಿಯನ್ನು ಬಿಸಿಯಾಗಿ ಕುಳಿತು ಉಂಡು ನೋಡಿರಲಿಲ್ಲ ಎಂಬುದು ಆ ಮಾತಿನಲ್ಲಿತ್ತು. ದೊಡ್ಡಣ್ಣ ತಲೆ ತಗ್ಗಿಸಿದ. ಉಮ್ಮ ತನ್ನ ಪಕ್ಕದಲ್ಲಿದ್ದ ಉಪ್ಪಿನ ಬಟ್ಟಲನ್ನು ಸೊಸೆಯತ್ತ ಸರಿಸಿದರು. ಬಗೆ ಕಡಿಮೆಯಾಯಿತೆಂದು ಬಂದವರಲ್ಲಿ ಒಬ್ಬರೂ ಹೇಳಲಿಲ್ಲ. ಸಂಜೆ ಉಮ್ಮ, ಮುಟ್ಟೆಮಾಲೆಯನ್ನು ಹಬ್ಬಕ್ಕಲ್ಲದಿದ್ದರೂ ಬಿಡುವಿನ ಒಂದು ದಿನ ಮೊಮ್ಮಗಳಿಗೆ ಕಲಿಸಿಕೊಡುತ್ತೇನೆ ಎಂದರು.

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾದೀತು. ಅಳಿಯಂದಿರ ಎದುರಿನ ಪ್ರಶ್ನೆ ಚಿಹ್ನೆ ಇಂದಿಗೂ ಹಾಗೆಯೇ ಇದೆ. 2025ರ ಹಬ್ಬಕ್ಕೆ ದೊಡ್ಡಣ್ಣ ಅಂಗಡಿಯ ಕೆಲಸವಿದೆಯೆಂದು ತಪ್ಪಿಸಿಕೊಂಡ, ಚಿಕ್ಕಣ್ಣ ಒಬ್ಬನೇ ಈರುಳ್ಳಿ ಹೆಚ್ಚಿದ. ನಮ್ಮ ಗಂಡಂದಿರ ಮನೆಗಳಲ್ಲಿ ಇಂಥ ಪಟ್ಟಿಯನ್ನು ಮುಂದಿಡುವ ಧೈರ್ಯ ನಮ್ಮಲ್ಲಿ ಒಬ್ಬಳಿಗಷ್ಟೇ ಇದುವರೆಗೆ ಬಂದಿದೆ.

ತಿನ್ನಿರಿ, ಕುಡಿಯಿರಿ, ದುಂದು ಮಾಡಬೇಡಿ ಎಂದು ಕುರ್‌ಆನ್ ಕಲಿಸುತ್ತದೆ. ದುಂದು ಎಂದರೆ ಎಲೆಯಲ್ಲಿ ಉಳಿದ ಅನ್ನ ಮಾತ್ರವೆಂದು ನಾವು ತಿಳಿದಿದ್ದೆವು. ಒಬ್ಬ ಹೆಂಗಸಿನ ಬೆನ್ನು, ನಿದ್ದೆ, ಅವಳ ಹಬ್ಬ ಇವುಗಳನ್ನು ಲೆಕ್ಕವಿಲ್ಲದೆ ಖರ್ಚು ಮಾಡುವುದೂ ದುಂದಲ್ಲವೇ? ಬರುವ ಹಬ್ಬಕ್ಕೆ ನೀವು ಪಟ್ಟಿ ಬರೆಯುವಾಗ ಅಡುಗೆಯ ಹೆಸರಿಗೆ ಮೊದಲು ಅಡುಗೆ ಮಾಡುವವರ ಹೆಸರು ಬರೆಯಿರಿ. ಅದರ ಪಕ್ಕದಲ್ಲಿ ಅವರು ಊಟಕ್ಕೆ ಕೂರುವ ಹೊತ್ತನ್ನೂ ಬರೆಯಿರಿ. ಪಟ್ಟಿಯನ್ನು ಬರೆಯುವ ಪೆನ್ನು ಅವರ ಕೈಯಲ್ಲೇ ಇರಲಿ.