ಆವಿಗೆಯ ಮುಂದೆ ಒಂದು ಅಂಕಿಯ ಜಗಳ

ಕೊರೋನಾ ಕಾಲದಲ್ಲಿ ಹಣೆಗೆ ಗುರಿಯಿಟ್ಟ ಪಿಸ್ತೂಲಿನಂಥ ಥರ್ಮಾಮೀಟರನ್ನು ಕಾಣದವರಿಲ್ಲ. ಮುಟ್ಟದೆಯೇ ಜ್ವರ ಹೇಳುವ ಆ ಉಪಕರಣದ ಅಣ್ಣತಮ್ಮಂದಿರು ಪಿಂಗಾಣಿ ಸುಡುವ ಆವಿಗೆಗಳ ಮುಂದೆಯೂ ದುಡಿಯುತ್ತವೆ. ಅಲ್ಲಿ ಆಗಾಗ ಜಗಳವನ್ನೂ ಹಚ್ಚುತ್ತವೆ.

ಜಗಳದ ಮೂಲ ಒಂದು ಪುಟ್ಟ ಅಂಕಿ. ಬಿಸಿಯಾದ ವಸ್ತು ಅವಕೆಂಪು ಕಿರಣಗಳನ್ನು ಸೂಸುತ್ತದೆ. ಆದರೆ ಉಷ್ಣತೆ ಒಂದೇ ಆದರೂ ಎಲ್ಲ ವಸ್ತುಗಳೂ ಸಮನಾಗಿ ಸೂಸುವುದಿಲ್ಲ. ಆದರ್ಶ ಕಪ್ಪುಕಾಯ ಸೂಸುವುದನ್ನು 1 ಎಂದಿಟ್ಟರೆ ಮನುಷ್ಯನ ಚರ್ಮದ್ದು ಸುಮಾರು 0.98, ಹೊಳೆಯುವ ಅಲ್ಯೂಮಿನಿಯಂನದು 0.1ಕ್ಕಿಂತಲೂ ಕಡಿಮೆ. ಇದಕ್ಕೆ ಉತ್ಸರ್ಜಕತೆ ಎಂದು ಹೆಸರು. ಉಪಕರಣ ಅಳೆಯುವುದು ಕಿರಣವನ್ನು ಮಾತ್ರ. ಈ ಅಂಕಿಯನ್ನು ಬಳಸುವವರು ತುಂಬಿಕೊಟ್ಟ ಮೇಲೆಯೇ ಅದು ಲೆಕ್ಕ ಹಾಕಿ ಉಷ್ಣತೆ ಹೇಳುತ್ತದೆ.

ಒಬ್ಬರು 0.95 ಇಡಿ ಎನ್ನುತ್ತಾರೆ, ಇನ್ನೊಬ್ಬರು ಈ ಗ್ಲೇಜಿಗೆ 0.85 ಎನ್ನುತ್ತಾರೆ. ಇಷ್ಟೇ ತಾನೇ ಎಂದು ನಗುವಂತಿಲ್ಲ. 8ರಿಂದ 14 ಮೈಕ್ರಾನ್ ಕಿರಣಗಳನ್ನು ನೋಡುವ ಉಪಕರಣದಲ್ಲಿ, 1000 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ, ಈ ವ್ಯತ್ಯಾಸದಿಂದ ಓದು ಸುಮಾರು 80 ಡಿಗ್ರಿ ಬದಲಾಗುತ್ತದೆ. ಅಷ್ಟರಲ್ಲಿ ಗ್ಲೇಜು ಕರಗದೆ ಉಳಿಯಬಹುದು, ಇಲ್ಲವೇ ಹರಿದು ಹಲಗೆಗೆ ಅಂಟಬಹುದು. ವಾರಗಳ ದುಡಿಮೆ ಮಣ್ಣುಪಾಲು.

ತಮಾಷೆಯೆಂದರೆ ಇಬ್ಬರೂ ತಪ್ಪಾಗಿರಬಹುದು. ಮುಚ್ಚಿದ ಆವಿಗೆಯೊಳಗೆ ಗೋಡೆಯೂ ಪಾತ್ರೆಯೂ ಒಂದೇ ಉಷ್ಣತೆಗೆ ಬಂದಾಗ, ಪಾತ್ರೆ ತಾನು ಸೂಸದ ಪಾಲನ್ನು ಗೋಡೆಯ ಕಿರಣವನ್ನು ಪ್ರತಿಫಲಿಸಿ ತುಂಬಿಕೊಳ್ಳುತ್ತದೆ. ಸಣ್ಣ ಕಿಂಡಿಯಿಂದ ನೋಡುವವರಿಗೆ ಅಲ್ಲಿ ಸಲ್ಲುವ ಅಂಕಿ 1ರ ಹತ್ತಿರದ್ದು. 0.85 ಇಟ್ಟವರು ಇಲ್ಲದ ಬಿಸಿಯನ್ನು ಓದಿ ಬೇಗನೆ ಬೆಂಕಿ ಆರಿಸುತ್ತಾರೆ. ಅದೇ ಪಾತ್ರೆಯನ್ನು ಇಕ್ಕಳದಲ್ಲಿ ಹೊರತೆಗೆದ ಕೂಡಲೇ ಅದರ ಸ್ವಂತ ಉತ್ಸರ್ಜಕತೆಯೇ ಬೇಕು.

ಊಹೆಯ ಮೇಲೆ ನಿಂತ ಅಂಕಿ ಹೊಸದೇನಲ್ಲ. ಇಂಗ್ಲೆಂಡಿನ ಪ್ರಸಿದ್ಧ ಕುಂಬಾರ ಜೊಸಾಯಾ ವೆಜ್‌ವುಡ್ 1782ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತನ್ನದೇ ತಾಪಮಾಪಕವನ್ನು ಪರಿಚಯಿಸಿದ. ಮಣ್ಣಿನ ಪುಟ್ಟ ತುಂಡು ಬೆಂಕಿಯಲ್ಲಿ ಎಷ್ಟು ಕುಗ್ಗಿತು ಎಂದು ನೋಡುವ ಉಪಾಯ ಅದು. ಆ ಕುಗ್ಗುವಿಕೆಯನ್ನು ಫ್ಯಾರನ್‌ಹೀಟಿಗೆ ಪರಿವರ್ತಿಸಿದಾಗ ಬೆಳ್ಳಿ ಕರಗುವುದು 4,700 ಡಿಗ್ರಿಗೂ ಮೇಲೆ ಎಂದು ಬಂತು. ನಿಜದಲ್ಲಿ ಅದು ಸುಮಾರು 1,763 ಡಿಗ್ರಿ. ಆದರೂ ಅವನ ಆವಿಗೆ ಕೆಡಲಿಲ್ಲ. ಅವನು ಹೋಲಿಸುತ್ತಿದ್ದುದು ಇಂದಿನ ಮಣ್ಣಿನ ತುಂಡನ್ನು ನಿನ್ನೆಯ ತುಂಡಿನೊಂದಿಗೆ.

ಇಂದಿಗೂ ಜಾಣರ ದಾರಿ ಅದೇ. ಪಾತ್ರೆಯ ಪಕ್ಕದಲ್ಲೊಂದು ಥರ್ಮೋಕಪಲ್ ಅಥವಾ ಗೊತ್ತಾದ ಕಾವಿಗೆ ಬಾಗುವ ಮಣ್ಣಿನ ಕೋನ್ ಇಟ್ಟು, ಅದಕ್ಕೆ ತಾಳೆಯಾಗುವ ಅಂಕಿಯನ್ನು ಉಪಕರಣಕ್ಕೆ ಕೊಡುತ್ತಾರೆ. ಪ್ರಯೋಗಾಲಯದ ರೆಕಾರ್ಡಿನಲ್ಲಿ ಉಷ್ಣತೆಯ ಪಕ್ಕದಲ್ಲೇ ಉತ್ಸರ್ಜಕತೆಯನ್ನೂ ಬರೆದಿಡುವ ವಿದ್ಯಾರ್ಥಿಗೆ ಅರ್ಧ ಜಗಳ ಅಲ್ಲೇ ಮುಗಿದಿರುತ್ತದೆ.