ಕುದುರೆಯ ಹಣ

ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿನ ಕಾಲೇಜಿಗೆ ಬರುವ ನಾನು ಚಿಕ್ಕಂದಿನಿಂದಲೂ ಕೃಷ್ಣದೇವರಾಯನ ಭಕ್ತ. 1520ರ ರಾಯಚೂರು ಯುದ್ಧದ ಬಗೆಗೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದುದನ್ನು ಓದಿದ ಮೇಲೆ ಆ ಭಕ್ತಿಗೆ ತುಸು ಪೆಟ್ಟು ಬಿದ್ದಿತು.

ಅವನ ಪ್ರಕಾರ ರಾಯಚೂರನ್ನು ಹಿಡಿಯುವ ನಿಶ್ಚಯ ಮೊದಲು. ಶಾಂತಿ ಮುರಿಯಲು ನೆಪ ಹುಡುಕಿದ್ದು ಆಮೇಲೆ. ಕುದುರೆ ಕೊಳ್ಳಲು 40,000 ವರಹ ಕೊಟ್ಟು ಕಳಿಸಿದ ಸಯ್ಯದ್ ಮರಕ್ಕಾರನೆಂಬವನು ಹಣದೊಡನೆ ಆದಿಲಶಾಹನ ಸೀಮೆಗೆ ಓಡಿಹೋದ. ಆದಿಲಶಾಹ ಒಪ್ಪಿಸಲಿಲ್ಲ, ದಂಡು ಹೊರಟಿತು. ಗೆದ್ದ ಮೇಲೆ ರಾಯನ ಪಟ್ಟು ಬೇರೆಯೇ ಆಯಿತು: ಆದಿಲಶಾಹ ಬಂದು ತನ್ನ ಪಾದಕ್ಕೆ ಮುತ್ತಿಡಬೇಕು! ಅದಕ್ಕಾಗಿ ನಮ್ಮ ಮುದಗಲ್ಲಿನವರೆಗೂ ಬಂದನಂತೆ. ಆದಿಲಶಾಹ ಬರಲಿಲ್ಲ.

ಪರೀಕ್ಷೆಯಲ್ಲಿ ‘ಯುದ್ಧದ ಕಾರಣಗಳು’ ಎಂದಾಗ ಕುದುರೆಯ ಹಣವನ್ನೇ ಮೊದಲು ಬರೆದು ಅಂಕ ಪಡೆದವನು ನಾನು. 2003ರಲ್ಲಿ ಅಮೆರಿಕದ ಸರ್ಕಾರ, ಸರ್ವನಾಶದ ಅಸ್ತ್ರಗಳಿವೆಯೆಂದು ಹೇಳಿ ಇರಾಕಿಗೆ ನುಗ್ಗಿತು. ಅವು ಸಿಕ್ಕಲಿಲ್ಲ, ಪ್ರಜಾಪ್ರಭುತ್ವದ ಮಾತು ಮುಂದೆ ಬಂದಿತು. ಅದಕ್ಕೂ ಯಾರೋ ಉತ್ತರಪತ್ರಿಕೆಯಲ್ಲಿ ಕಾರಣಗಳನ್ನು ಬರೆಯುತ್ತಿರಬೇಕು.

ಓದುಬರಹ ಬಾರದ ನಮ್ಮಪ್ಪನಿಗೆ ಇದನ್ನೆಲ್ಲ ಹೇಳಿದೆ. ಹೊಲದ ಬದುವಿನ ಮೇಲೆ ಕುಳಿತು ಕೇಳಿದ. ಕೊನೆಗೆ, “ದಂಡು ಈ ಕಡೆ ಹಾದು ಹೋತಲ್ಲ, ತುಳಿದ ಬೆಳಿಗೆ ರೊಕ್ಕ ಯಾರು ಕೊಟ್ರಪ?” ಎಂದ.