ಗಾಲಿಯೊಳಗಿನ ಗುಂಡು

ಘೋಟಿಯ ಮಳೆ ಸಾಮಾನ್ಯದ್ದಲ್ಲ. ನಾಸಿಕ ಜಿಲ್ಲೆಯ ಈ ಊರು ಇಗತ್‌ಪುರಿಯ ಹತ್ತಿರ, ಮುಂಬಯಿ-ಆಗ್ರಾ ರಸ್ತೆಯ ಮೇಲಿದೆ. ಸುತ್ತಲೂ ಭತ್ತದ ಗದ್ದೆ. ಅಲ್ಲಿ ನಮ್ಮ ಮಾವನವರದು ಸಣ್ಣ ಹೋಟೆಲು. ಹಾಲು, ತರಕಾರಿ ಎಲ್ಲ ಅವರ ಹಳೇ ಮೋಟಾರುಸೈಕಲ್ಲಿನ ಮೇಲೇ ಬರಬೇಕು.

ರಜೆಗೆ ನಾನು ಹೋದಾಗ ಹಿಂದಿನ ಗಾಲಿ ಬೀಸುವ ಕಲ್ಲಿನ ಹಾಗೆ ಗೊರಗೊರ ಅನ್ನುತ್ತಿತ್ತು. ಮಿಸ್ತ್ರಿ ಗಾಲಿ ಎತ್ತಿ ಅಡ್ಡಕ್ಕೆ ಅಲ್ಲಾಡಿಸಿ, ಬೇರಿಂಗು ಹೋಯಿತು ಅಂದ. ಬಿಚ್ಚಿದರೆ ಅದರ ಮೇಲೆ 6302 ಎಂದಿತ್ತು: ಒಳವ್ಯಾಸ 15 ಮಿ.ಮೀ., ಹೊರವ್ಯಾಸ 42, ದಪ್ಪ 13. ಅಂಗಡಿಯವ ಅದೇ ಸಂಖ್ಯೆಯಲ್ಲಿ ಎರಡು ಬಗೆ ತೋರಿಸಿದ. ಒಂದಕ್ಕೆ ತಗಡಿನ ಮುಚ್ಚಳ, ಅಗ್ಗ. ಇನ್ನೊಂದಕ್ಕೆ ಎರಡೂ ಕಡೆ ರಬ್ಬರಿನ ಸೀಲು. ತಗಡು ಧೂಳನ್ನು ತಡೆದೀತು, ನೀರನ್ನಲ್ಲ.

ಮಾವ ಅಗ್ಗದ್ದಕ್ಕೆ ಕೈ ಚಾಚಿದರು.

"ಮಾವಾ, ಗಾಲಿ ಬಿಚ್ಚೋ ಕೂಲಿ ಎರಡಕ್ಕೂ ಒಂದೇ. ಈ ಮಳೇಲಿ ಗ್ರೀಸು ತೊಳೆದುಹೋದ್ರೆ ಮತ್ತೆ ಕೊಡಬೇಕು. ಆವತ್ತು ಹೋಟೆಲಿಗೆ ಹಾಲು ಬರದೇ ಇದ್ರೆ ಆ ನಷ್ಟ ಯಾವ ಲೆಕ್ಕಕ್ಕೆ?"

"ಬಿ.ಕಾಂ. ಓದೋದು ಇದಕ್ಕೇನೋ?" ಎಂದು ನಕ್ಕು ರಬ್ಬರಿನದ್ದನ್ನೇ ಕೊಂಡರು.

ಮಿಸ್ತ್ರಿ ಹೊಸದನ್ನು ಕೂರಿಸುವಾಗ ಹೊರಬಳೆಗೆ ಮಾತ್ರ ಪೆಟ್ಟು ಕೊಟ್ಟ. ಒಳಬಳೆಗೆ ಹೊಡೆದರೆ ಪೆಟ್ಟು ಗುಂಡುಗಳಿಗೇ ಬೀಳುತ್ತದಂತೆ.

ಮರುವಾರ ಕಸಾರಾ ಘಾಟಿ ಇಳಿಯುವಾಗ, ಲಾರಿಗಳ ನಡುವೆ ಮಾವನ ಹಿಂದೆ ಕೂತಿದ್ದೆ. ಗಾಲಿ ಸದ್ದಿಲ್ಲದೆ ತಿರುಗುತ್ತಿತ್ತು. ನಮ್ಮ ಪಠ್ಯದಲ್ಲಿ ಇದು ರಿಪೇರಿ ಖರ್ಚು. ಮಾವನ ಮನೆಯಲ್ಲಿ ಇದೇ ಬಂಡವಾಳ.